ಬಸ್ಯಾನ ಮಿಷನ್ನು, ಎರಡು ಸೈಲೆನ್ಸರ್

27 ಏಪ್ರಿಲ್ 2025, ಭಾನುವಾರ
ಗಂಗಾವತಿ

"ಮಾವಾ, ಇದರ ಸೈಲೆನ್ಸರ್ ಬಿಚ್ಚಿ ತೂತು ದೊಡ್ಡದು ಮಾಡಿ ಕೊಡು" ಅಂತಲೇ ಒಳಗೆ ಬಂದ ಬಸ್ಯಾ. ಚಪ್ಪಲಿ ಬಿಡಲಿಲ್ಲ, ನೀರು ಕೇಳಲಿಲ್ಲ. ಮರ ಕೊಯ್ಯುವ ಚೈನ್ ಮಿಷನ್ನು (ಚೈನ್‌ಸಾ) ಟೇಬಲ್ ಮೇಲೆ ಕುಕ್ಕಿದ. ಯಾರೋ ಫೋನಿನಲ್ಲಿ ವಿಡಿಯೊ ತೋರಿಸಿದ್ದಾರೆ. ಸೈಲೆನ್ಸರ್ ಓಪನ್ ಮಾಡಿದರೆ ಕಟಿಂಗ್ ಡಬಲ್ ಆಗುತ್ತದಂತೆ.

ಭಾನುವಾರ ಅಂತ ರಿಪೇರಿ ಅಂಗಡಿಯ ಶಟರ್ ಅರ್ಧ ಇಳಿಸಿದ್ದೆ. ಅಕ್ಕನ ಮಗ ಅಂದಮೇಲೆ ಭಾನುವಾರವೂ ಇಲ್ಲ, ಬಿಲ್ಲೂ ಇಲ್ಲ.

ಕಾರಟಗಿ ಕಡೆ ಹಳ್ಳದ ದಂಡೆಯ ಬಳ್ಳಾರಿ ಜಾಲಿ ಕಡಿಯುವ ಗುತ್ತಿಗೆ ಇವನ ಮೇಸ್ತ್ರಿಗೆ ಸಿಕ್ಕಿದೆ. ಕಟ್ಟಿಗೆ ಇಟ್ಟಂಗಿ ಭಟ್ಟಿಗೆ, ಸಣ್ಣದೆಲ್ಲ ಇದ್ದಲಿಗೆ. ಹುಡುಗರಿಗೆ ಪಗಾರ ದಿನದ ಲೆಕ್ಕದಲ್ಲಿ ಇಲ್ಲ, ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ. ಹಾಗಾಗಿ ಇವನಿಗೆ ಈಗ ಜಗತ್ತಿನಲ್ಲಿ ಇರುವುದು ಒಂದೇ ಚಿಂತೆ, ಸ್ಪೀಡು.

ಎಂಜಿನ್ ಮುಟ್ಟುವ ಮೊದಲು ಚೈನ್ ಮೇಲೆ ಬೆರಳಾಡಿಸಿದೆ. 58 ಸಿಸಿ ಎಂಜಿನ್, ಚೈನು ಸುತ್ತ ಓಡುವ 22 ಇಂಚಿನ ಬಾರ್, ಈ ಕಡೆ ಎಲ್ಲರ ಕೈಯಲ್ಲೂ ಇರುವಂಥದ್ದೇ. ಎಡಗಡೆ ಹಲ್ಲೆಲ್ಲ ಉದ್ದ, ಬಲಗಡೆಯವು ಮೋಟು. ಬಲಗೈಯವನಲ್ಲವೇ, ಮಸೆಯುವಾಗ ಒಂದು ಕಡೆ ಫೈಲ್ (ಅರ) ಸಲೀಸಾಗಿ ಓಡುತ್ತದೆ, ಇನ್ನೊಂದು ಕಡೆ ಓಡುವುದಿಲ್ಲ.

"ಕೊಯ್ಯುವಾಗ ಒಂದು ಕಡಿಗೆ ಎಳೀತದೇನು?" ಅಂದೆ.

"ಹೂಂ, ಬಾರ್ ಬಗ್ಗೈತಿ ಅನ್ನಸ್ತದ."

ಬಾರ್ ಬಗ್ಗಿಲ್ಲ. ಹಲ್ಲು ಎಡ ಬಲ ಸಮ ಇಲ್ಲದಿದ್ದರೆ ಕೊಯ್ತ ಸೊಟ್ಟಗೆ ಹೋಗುತ್ತದೆ, ಅಷ್ಟೆ. ಅದಕ್ಕಿಂತ ದೊಡ್ಡ ತೊಂದರೆ ಪ್ರತಿ ಹಲ್ಲಿನ ಮುಂದೆ ಉಬ್ಬಿಕೊಂಡಿರುವ ಮೊಟಕಿನಲ್ಲಿತ್ತು. ಹಲ್ಲು ಒಂದು ಏಟಿಗೆ ಎಷ್ಟು ಆಳ ಕಚ್ಚಬೇಕು ಅನ್ನುವುದನ್ನು ಆ ಮೊಟಕು ತೀರ್ಮಾನಿಸುತ್ತದೆ. ಹಲ್ಲಿನ ನೆತ್ತಿ ಹಿಂದಕ್ಕೆ ಇಳಿಜಾರು. ಮಸೆಯುತ್ತ ಹೋದಂತೆ ಹಲ್ಲು ಗಿಡ್ಡವೂ ಆಗುತ್ತದೆ, ತಗ್ಗಿಗೂ ಇಳಿಯುತ್ತದೆ. ಮೊಟಕು ಮಾತ್ರ ಇದ್ದಲ್ಲೇ. ಬಸ್ಯಾನ ಚೈನಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದಿದ್ದವು. ಅಂದರೆ ಎಷ್ಟು ಚೂಪು ಮಾಡಿದರೂ ಹಲ್ಲು ಕಟ್ಟಿಗೆಯನ್ನು ಮುಟ್ಟಿ ಸವರಿಕೊಂಡು ಹೋಗುತ್ತದೆ. ಪಾಪ, ಎಂಜಿನ್ನು ಬೈಸಿಕೊಳ್ಳುತ್ತಿದೆ.

ಇದನ್ನು ಹೇಳಿದ್ದೇ ತಪ್ಪಾಯಿತೇನೋ, ತಕ್ಷಣ ಗ್ರೈಂಡರ್ ಕಡೆ ನೋಡಿದ. "ಹಂಗಾರ ಆ ಮೊಟಕೆಲ್ಲ ಪೂರ್ತಿ ಹೊಡದು ಬಿಡು."

ಇದೇ ನನಗೆ ಹೆದರಿಕೆ. ಮೊಟಕು ಹಲ್ಲಿಗಿಂತ 0.65 ಮಿಲಿಮೀಟರ್ ಕೆಳಗಿದ್ದರೆ ಸಾಕು. ಇವರೆಲ್ಲ ಕಣ್ಣಂದಾಜಿನಲ್ಲಿ ಅದರ ಎರಡರಷ್ಟು ಇಳಿಸಿ ಬಿಡುತ್ತಾರೆ. ಮೊದಲ ಕೊಯ್ತಕ್ಕೆ ಖುಷಿಯಾಗುತ್ತದೆ, ದಪ್ಪ ದಪ್ಪ ಚಕ್ಕೆ. ಆಮೇಲೆ ಮಿಷನ್ನು ಕಚ್ಚಿ ಕಚ್ಚಿ ಎಳೆಯಲು ಶುರು. ಕ್ಲಚ್ ಸುಡುತ್ತದೆ. ಬಾರಿನ ಮೂತಿಯ ಮೇಲಂಚು ಎಲ್ಲಾದರೂ ಇನ್ನೊಂದು ಕೊಂಬೆಗೆ ತಾಗಿತೋ, ಮಿಷನ್ನು ಮುಖದ ಕಡೆಗೇ ಎಗರುತ್ತದೆ. ಜಾಲಿ ಅಂದರೆ ಒಂದೇ ಬುಡದಿಂದ ಐದಾರು ಕಾಂಡ, ನಡುವೆ ಮುಳ್ಳು. ಅಂಥ ಕಡೆ ಮೂತಿ ತಾಗದಂತೆ ಕೊಯ್ಯುವ ಗಂಡು ಇನ್ನೂ ಹುಟ್ಟಬೇಕು.

ಅಂಗಡಿ ಹಿಂದೆ ಬಿದ್ದಿದ್ದ ಒಂದಡಿ ದಪ್ಪದ ಜಾಲಿ ದಿಮ್ಮಿಯನ್ನು ಕಲ್ಲಿನ ಮೇಲೆ ಏರಿಸಿದೆವು. ಷರತ್ತು ಒಂದೇ, ಕೈಯಿಂದ ಒತ್ತುವ ಹಾಗಿಲ್ಲ, ಮಿಷನ್ನು ತನ್ನ ಭಾರಕ್ಕೆ ತಾನೇ ಇಳಿಯಬೇಕು. ಬಸ್ಯಾ ತಂದ ಹಾಗೆಯೇ ಕೊಯ್ದಾಗ ಅರ್ಧ ನಿಮಿಷ ದಾಟಿತು, ಉದುರಿದ್ದು ಬರೀ ಹಿಟ್ಟು. ಚೈನನ್ನು ವೈಸಿಗೆ ಕಟ್ಟಿ 4.8 ಮಿಲಿಮೀಟರಿನ ರೌಂಡ್ ಫೈಲ್ ಹಿಡಿದು ಕೂತೆ. ಅತಿ ಮೋಟಾದ ಹಲ್ಲು ಯಾವುದೋ ಅದನ್ನೇ ಅಳತೆ ಮಾಡಿಕೊಂಡು ಉಳಿದದ್ದನ್ನೆಲ್ಲ ಅದಕ್ಕೆ ತರಬೇಕು. ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳು, ವಾಪಸ್ ಬರುವಾಗ ಎತ್ತು. ಕೋನ 30 ಡಿಗ್ರಿ ಅಂತ ಪುಸ್ತಕದಲ್ಲಿದೆ, ಜಾಲಿಯಂಥ ಗಟ್ಟಿ ಕಟ್ಟಿಗೆಗೆ ನಾನು 25ರ ಹತ್ತಿರ ಇಡುತ್ತೇನೆ, ಅಂಚು ಸ್ವಲ್ಪ ಜಾಸ್ತಿ ಬಾಳುತ್ತದೆ. ನಲವತ್ತರ ಮೇಲೆ ಹಲ್ಲು, ಬೆವರು ಫೈಲಿನ ಮೇಲೇ ತೊಟ್ಟಿಕ್ಕುತ್ತಿತ್ತು. ಕರೆಂಟು ಇರಲಿಲ್ಲ, ಹೇಳಬೇಕೇ.

ಮಸೆದ ಮೇಲೆ 18 ಸೆಕೆಂಡ್. ಮೊಟಕನ್ನು ಗೇಜ್ ಇಟ್ಟು ಚಪ್ಪಟೆ ಫೈಲಿನಿಂದ ಇಳಿಸಿದ ಮೇಲೆ 14. ಚಕ್ಕೆ ಬಂತು, ಉದ್ದುದ್ದ, ಕಂದು ಬಣ್ಣದ್ದು. ಬಸ್ಯಾ ಒಂದು ಹಿಡಿ ಎತ್ತಿ ನೋಡಿದ, ಮಾತಾಡಲಿಲ್ಲ.

ದಿಮ್ಮಿಯ ತುದಿಯಲ್ಲಿ ಹುಳ ಕೊರೆದ ತೂತುಗಳಿದ್ದವು. ಅದನ್ನು ನೋಡಿ ಜೋ ಕಾಕ್ಸ್‌ನ ಕತೆ ಹೇಳಿದೆ. 1946ರ ಮಾತು, ಅಮೆರಿಕದ ಒರೆಗಾನ್‌ನಲ್ಲಿ ಮರ ಕಡಿಯುತ್ತಿದ್ದವನು. ಆಗಿನ ಚೈನಿಗೆ ಇದ್ದದ್ದು ಕೆರೆಯುವ ಹಲ್ಲು, ಮಸೆದು ಮಸೆದೇ ಜನ ಸಾಯುತ್ತಿದ್ದರು. ಒಂದು ಮರದ ಬುಡದಲ್ಲಿ ಬೆರಳು ಗಾತ್ರದ ಹುಳ ನಾರಿನ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ಕೊರೆಯುವುದನ್ನು ಕಂಡು ಕೂತು ನೋಡಿದ. ಅದು ದವಡೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸುತ್ತದೆ. ಆ ದವಡೆಯ ಆಕಾರವನ್ನೇ ಉಕ್ಕಿನಲ್ಲಿ ಮಾಡಿ, ಒಂದು ಎಡ ಹಲ್ಲು ಒಂದು ಬಲ ಹಲ್ಲು ಜೋಡಿಸಿ, 1947ರಲ್ಲಿ ಮಾರಾಟಕ್ಕಿಟ್ಟ. ಇವತ್ತಿನ ಚೈನೆಲ್ಲ ಅದರ ಮೊಮ್ಮಕ್ಕಳು.

ಬಸ್ಯಾ ಎಲ್ಲ ಕೇಳಿ, "ಆ ಹುಳಕ್ಕ ಸೈಲೆನ್ಸರ್ ಇತ್ತೇನು ಮಾವಾ?" ಅಂದ.

ನಗು ತಡೆಯಲಾಗಲಿಲ್ಲ. ಸರಿ, ಅದನ್ನೂ ನೋಡಿಯೇ ಬಿಡೋಣ ಅಂತ, ಹಿಂದೆ ಇನ್ನೊಬ್ಬರಿಗೆ ಮಾಡಿ ಅವರು ಒಯ್ಯದೆ ಬಿಟ್ಟ ಓಪನ್ ಸೈಲೆನ್ಸರ್ ತೆಗೆದು ಕೂರಿಸಿದೆ. ಬರೀ ತೂತು ದೊಡ್ಡದು ಮಾಡಿ ಕಳಿಸುವವರಿದ್ದಾರೆ ಊರಲ್ಲಿ. ಹೊಗೆ ಸಲೀಸಾಗಿ ಹೊರಗೆ ಹೋದರೆ ಗಾಳಿಯೂ ಹೆಚ್ಚು ಒಳಗೆ ಬರುತ್ತದೆ, ಪೆಟ್ರೋಲು ಮಾತ್ರ ಅಷ್ಟೇ ಇದ್ದರೆ ಮಿಶ್ರಣ ತೆಳುವಾಗುತ್ತದೆ. ಆಯಿಲ್ ಇರುವುದೂ ಆ ಪೆಟ್ರೋಲಿನಲ್ಲೇ. ಕೆಲವು ದಿನ ಭರ್ಜರಿ ಓಡಿ ಪಿಸ್ಟನ್ ಗೀರು ಬಿದ್ದು ಜಾಮ್. ಅದಕ್ಕೆ ಪೆಟ್ರೋಲು ಹೆಚ್ಚು ಕಡಿಮೆ ಮಾಡುವ ಕಾರ್ಬರೇಟರಿನ ಎಚ್ ಸ್ಕ್ರೂ ಸ್ವಲ್ಪ ಸ್ವಲ್ಪವೇ ಎಡಕ್ಕೆ ಬಿಡುತ್ತ ಕಿವಿಗೊಟ್ಟು ಕೇಳಬೇಕು. ಖಾಲಿ ಫುಲ್ ರೇಸಿನಲ್ಲಿ ದನಿ ಒಡೆದಂತೆ ಬರಬರ ಅನ್ನಬೇಕು, ಕಟ್ಟಿಗೆಗೆ ಇಟ್ಟ ಕ್ಷಣ ಆ ಒಡಕು ಹೋಗಿ ಸಾಫ್ ಆಗಬೇಕು. ಖಾಲಿಯಲ್ಲೇ ಕೀಂ ಅಂತ ಸಾಫ್ ಇದೆ ಅಂದರೆ ತೆಳು, ಅಪಾಯ.

12 ಸೆಕೆಂಡ್ ಬಂತು. ಸುಳ್ಳು ಹೇಳಲಾರೆ, ವಿಡಿಯೊದವನು ಹೇಳಿದಂತೆ ಡಬಲ್ ಅಲ್ಲ, ಆದರೂ ಎರಡು ಸೆಕೆಂಡ್ ಸಿಕ್ಕಿತು.

ಅಷ್ಟರಲ್ಲಿ ಓಣಿಯವರೆಲ್ಲ ಕದ ತೆರೆದಿದ್ದರು. ಎದುರು ಮನೆಯ ಕೂಸು ಅಳುತ್ತಿತ್ತು. ಮಿಷನ್ನು ಆಫ್ ಮಾಡಿ ಬಸ್ಯಾ ಆ ಕಡೆ ತಿರುಗಿ ಚಕ್ಕೆ ಬಳಿಯುತ್ತಿದ್ದ. "ಬಸ್ಯಾ, ಚಾ ಕುಡೀತಿ?" ಅಂದೆ. ಬಳಿಯುತ್ತಲೇ ಇದ್ದ. ಇನ್ನೂ ಜೋರಾಗಿ ಕರೆದೆ. ಇಲ್ಲ. ಹೋಗಿ ಭುಜ ಮುಟ್ಟಿದಾಗ ಬೆಚ್ಚಿ ತಿರುಗಿ, "ಕರದೇನು?" ಅಂದ.

ಇಪ್ಪತ್ತು ದಾಟಿಲ್ಲ ಇನ್ನೂ.

ಅಕ್ಕ ಹೋದ ತಿಂಗಳು ಫೋನಿನಲ್ಲಿ "ಇತ್ತೀಚಿಗೆ ಮಾತು ಕೇಳಂಗಿಲ್ಲ ಅವ" ಅಂದಾಗ ಸೊಕ್ಕಿನ ವಿಷಯ ಅಂದುಕೊಂಡಿದ್ದೆ. 85 ಡೆಸಿಬಲ್ ಸದ್ದಿನಲ್ಲಿ ಎಂಟು ತಾಸು ಇರಬಹುದು ಅನ್ನುತ್ತಾರೆ, 100 ಆದರೆ ಕಾಲು ತಾಸು ಅಷ್ಟೆ. ಈ ಮಿಷನ್ನುಗಳು ಮುಚ್ಚಿದ ಸೈಲೆನ್ಸರಿನಲ್ಲೇ ನೂರು ದಾಟುತ್ತವೆ. ಇವನು ಬೆಳಿಗ್ಗೆ ಆರರಿಂದ ಹಿಡಿದಿರುತ್ತಾನೆ.

ಕಿವಿಗೆ ಸದ್ದು ತಡೆಯುವ ಮಫ್ ಹಾಕಿಕೋ ಅಂದೆ. "ಹಾಕಿದ್ರ ಟೊಂಗಿ ಮುರಿಯೋ ಲಟಕಿ ಕೇಳಂಗಿಲ್ಲ ಮಾವಾ, ಮ್ಯಾಲ ಬಿದ್ರ?" ಅಂದ. ಅದೂ ಸುಳ್ಳಲ್ಲ. ಈಗಲಾದರೂ ಕೇಳುತ್ತದೆಯೇ ಅಂತ ತಿರುಗಿ ಕೇಳಬೇಕಿತ್ತು, ಬಾಯಿಗೆ ಬರಲಿಲ್ಲ.

ಅಂದಹಾಗೆ ಬಾರಿಗೆ ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಹಾಕುತ್ತಿದ್ದಾನೆ. ಬೇಸಿಗೆಗೆ ಅದು ನೀರು, ಚೈನಿನಲ್ಲಿ ನಿಲ್ಲುವುದೇ ಇಲ್ಲ, ರಿವಿಟ್ಟೆಲ್ಲ ಸವೆದು ಚೈನು ಜೋತು ಬಿದ್ದಿದೆ. ಹೊಸದು ಹಾಕು, ಕಡಿದರೆ ಕೈ ಹೋಗುತ್ತದೆ ಅಂದರೆ ತಲೆಯಾಡಿಸಿದ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದದ್ದನ್ನು ಕಂಡವರು, ನಮ್ಮ ಕಡೆಯವರಿಗೆ ಚೈನಿನ ಭಯ ಬೇರೆ ಹೇಳಿಕೊಡಬೇಕೇ?

ಮಿಷನ್ನು ಇಲ್ಲೇ ಬಿಟ್ಟು ಹೋಗಿದ್ದಾನೆ. ಈಗ ರಾತ್ರಿ ಮೇಸ್ತ್ರಿ ಫೋನ್ ಮಾಡಿದ್ದ, ಬೆಳಿಗ್ಗೆ ಐದೂವರೆಗೆ ಬೇಕಂತೆ, "ಓಪನ್ ಮಾಡಿ ಇಡ್ರೀ, ದುಡ್ಡು ನಾ ಕೊಡ್ತೀನಿ" ಅಂದ. ಎರಡು ಸೆಕೆಂಡಿನ ಲಾಭ ಕೊನೆಗೆ ಯಾರ ಲೋಡಿಗೆ ಹೋಗುತ್ತದೆ ಅಂತ ಅವನಿಗೆ ಗೊತ್ತು. ಹಳೆಯ ಸೈಲೆನ್ಸರನ್ನೇ ಹಾಕಿ ಕಳಿಸಿದರೆ ಬಸ್ಯಾ ಸಿಟ್ಟಾಗಿ ಇನ್ನೊಂದು ಅಂಗಡಿಗೆ ಹೋಗುತ್ತಾನೆ, ಅಲ್ಲಿ ಸ್ಕ್ರೂ ಮುಟ್ಟುವವರಿಲ್ಲ. ಲೋಡಿನ ರೇಟಿನ ಮಾತು ಮೇಸ್ತ್ರಿಯ ಹತ್ತಿರ ನಾನೇ ಎತ್ತಬಹುದು, ಆದರೆ ಎತ್ತಿದರೆ ಅವನು ಬೇರೆ ಹುಡುಗನನ್ನು ನೋಡಿಕೊಳ್ಳುತ್ತಾನೆ, ಆಮೇಲೆ ಅಕ್ಕ ನನಗೆ ಏನನ್ನುತ್ತಾಳೋ.