ಬಸವನಹುಳುವಿನ ಊರಲ್ಲಿ ಬೈಕಿನ ಜಾಡು

ಬೆಲ್ಜಿಯಂನ ನಾಮೂರ್‌ಗೆ ನಾನು ಹೋದದ್ದು ಕೋಟೆ ನೋಡೋಕಲ್ಲ. ಆ ಕೋಟೆ ಗುಡ್ಡದ ಮೇಲೆ 2007ರವರೆಗೂ ನಡೆಯುತ್ತಿದ್ದ ಮೋಟೋಕ್ರಾಸ್, ಅಂದರೆ ಮಣ್ಣುದಾರಿಯ ಬೈಕ್ ರೇಸಿನ ಜಾಡು ಹುಡುಕೋಕೆ. ತಮಾಷೆ ಅಂದರೆ ಈ ಊರಿನ ಗುರುತೇ ಬಸವನಹುಳು. ಇಲ್ಲಿನ ಜನ ಅಷ್ಟು ನಿಧಾನವಂತೆ. ಊರ ಚೌಕದಲ್ಲಿ ಇಬ್ಬರು ಗಂಡಸರ ಪ್ರತಿಮೆ, ಜೊತೆಗೆ ಪಂಜರದಲ್ಲಿ ಒಂದು ಬಸವನಹುಳು. ಓಡಿಹೋದೀತು ಅಂತ!

ಗುಡ್ಡಕ್ಕೆ ಕೇಬಲ್ ಕಾರ್ ಇದೆ. ನಾನು ಜಿಪುಣತನ ಮಾಡಿ ನಡೆದೆ. ರಾತ್ರಿ ಮಳೆ ಬಿದ್ದಿತ್ತು. ಎರಡನೇ ತಿರುವಿನಲ್ಲೇ ಕಲ್ಲುಹಾಸಿನ ಮೇಲೆ ಧೊಪ್ಪಂತ ಬಿದ್ದೆ. ಮೊಣಕೈ ಇನ್ನೂ ನೋಯುತ್ತಿದೆ. ದುಡ್ಡು ಕೊಟ್ಟು ಕೇಬಲ್ ಕಾರ್ ಹತ್ತಿ, ಇಲ್ಲಾಂದ್ರೆ ಒಳ್ಳೆ ಶೂ ಹಾಕಿ.

ಮೇಲೆ ಜಾಡೇನೂ ಕಾಣಲಿಲ್ಲ. ಬರೀ ಮರ, ಒದ್ದೆ ಎಲೆ. ಸುಮ್ನೆ ಒಂದು ಕೆಫೆಯಲ್ಲಿ ಕೂತೆ. ಕಾಫಿ ಕಹಿ ನೀರು. ಪಕ್ಕದ ಟೇಬಲ್ಲಿನ ಅಜ್ಜನಿಗೆ ನಾನು ಬಂದ ಕಾರಣ ತಿಳಿದದ್ದೇ ತಡ, ಸಕ್ಕರೆ ತುಂಡುಗಳನ್ನು ಜೋಡಿಸತೊಡಗಿದರು. ಹರಕುಮುರುಕು ಇಂಗ್ಲಿಷಿನಲ್ಲೇ ವಿವರಣೆ. "ಇದು ಸ್ಟಾರ್ಟ್. ಇದು ಕಾಡು. ಇಲ್ಲಿ ಕೆಫೆ. ಬೈಕು ಇದರ ಮುಂದೆಯೇ ಹಾದುಹೋಗ್ತಿತ್ತು, ಗ್ಲಾಸಿಗೆ ಮಣ್ಣು ಬೀಳ್ತಿತ್ತು."

ಯುದ್ಧ ಮುಗಿದ ಎರಡೇ ವರ್ಷಕ್ಕೆ, 1947ರಲ್ಲಿ, ದೇಶದೇಶಗಳ ತಂಡಗಳ ಮೊದಲ ರೇಸ್ ಹಾಲೆಂಡಿನ ವಾಸೆನಾರ್‌ನಲ್ಲಿ ನಡೆಯಿತು. ಗೆದ್ದದ್ದು ಬ್ರಿಟನ್. ಅಜ್ಜನಿಗೆ ಅದು ಲೆಕ್ಕಕ್ಕೇ ಇಲ್ಲ. ಅವರ ಇತಿಹಾಸ ಶುರುವಾಗೋದು 1952ಕ್ಕೆ. ಆ ವರ್ಷ ಸವಾರರಿಗೆ ಯುರೋಪಿಯನ್ ಚಾಂಪಿಯನ್‌ಶಿಪ್ ಬಂತು, ಮೊದಲ ಪಟ್ಟ ಅವರದೇ ದೇಶದ ವಿಕ್ತೋರ್ ಲೆಲೂಗೆ. ಬೈಕೂ ಬೆಲ್ಜಿಯಂನದೇ, ಬಂದೂಕು ಮಾಡೋ ಎಫ್‌ಎನ್ ಕಂಪನಿಯದು. 1957ರಲ್ಲಿ ಅದೇ ವಿಶ್ವ ಚಾಂಪಿಯನ್‌ಶಿಪ್ ಆದಾಗ ಸ್ವೀಡನ್ನಿನ ಬಿಲ್ ನಿಲ್ಸನ್ ಪಟ್ಟ ಹೊಡೆದುಕೊಂಡು ಹೋದದ್ದು ಅಜ್ಜನಿಗೆ ಇನ್ನೂ ಬೇಜಾರು.

"ನಿಮ್ಮ ಮನೇಲಿ ಯಾವ ಬೈಕು?"

"ಅಪ್ಪನ ಹತ್ತಿರ ಜಾವಾ ಇತ್ತು. ಮೈಸೂರಲ್ಲೇ ತಯಾರಾಗಿದ್ದು."

ಅಜ್ಜ ಟೇಬಲ್ ಕುಟ್ಟಿದರು. "ಚೀಜೆಕ್! 1958!" ಆ ವರ್ಷ 250 ಸಿಸಿಯ ಯುರೋಪಿಯನ್ ಪಟ್ಟವನ್ನು ಯಾರೋಮಿರ್ ಚೀಜೆಕ್ ಗೆದ್ದದ್ದು ಜಾವಾ ಮೇಲೆ. ನಮ್ಮಪ್ಪ ಅದರಲ್ಲಿ ಹಾಲಿನ ಕ್ಯಾನ್ ಸಾಗಿಸ್ತಿದ್ದರು ಅಂದೆ.

"ಎಷ್ಟು ಕ್ಯಾನು?"

"ನಾಲ್ಕು."

"ಟಾರ್ ರಸ್ತೆಯಾ?"

"ಎಲ್ಲಿಂದ ಬಂತು! ಕೆಸರು."

ಅಜ್ಜ ಬಟ್ಟಲಿನಿಂದ ಇನ್ನೊಂದು ಸಕ್ಕರೆ ತುಂಡು ತೆಗೆದು ಸ್ಟಾರ್ಟಿನ ಸಾಲಿನಲ್ಲಿ ಇಟ್ಟರು.