ರಟ್ಟು ಇಟ್ಟ ಲಕೋಟೆ

ಡಿಸೆಂಬರ್ ಪ್ರವಾಸಕ್ಕೆ ಹದಿನೈದು ದಿನ ಇರುವಾಗ ನಮ್ಮ ಶಾಲೆಯಲ್ಲಿ ಎಲ್ಲ ಮಕ್ಕಳ ಕೈಗೂ ಒಂದೊಂದು ಕಂದು ಲಕೋಟೆ ಬರುತ್ತಿತ್ತು. ಒಳಗೆ ಹಳೆ ನೋಟ್‌ಬುಕ್ಕಿನ ರಟ್ಟಿನಿಂದ ಕತ್ತರಿಸಿದ ಒಂದು ತುಂಡು. ಮನೆಯಲ್ಲಿ ಎಷ್ಟು ಕೊಡಲಾಗುತ್ತದೋ ಅಷ್ಟನ್ನು ಅದರಲ್ಲಿ ಹಾಕಿ ಅಂಟಿಸಿ, ಸೋಮವಾರ ಪ್ರಾರ್ಥನೆಗೆ ಮುಂಚೆ ಆಫೀಸಿನ ಬಾಗಿಲ ಪಕ್ಕದ ಪೆಟ್ಟಿಗೆಗೆ ಹಾಕಬೇಕು. ಪೂರ್ತಿ ಹಣ ಹಾಕಿದವರು, ಅರ್ಧ ಹಾಕಿದವರು, ಏನೂ ಹಾಕದವರು, ಎಲ್ಲರೂ ಲಕೋಟೆ ತರಲೇಬೇಕು. ಮೇಲೆ ಹೆಸರು ಬರೆಯುವಂತಿಲ್ಲ. ಖಾಲಿ ಲಕೋಟೆ ತೆಳ್ಳಗಿರುತ್ತದೆ, ಬಾಗುತ್ತದೆ, ಹಿಡಿದವನ ಕೈ ನೋಡಿದರೇ ಗೊತ್ತಾಗಿಬಿಡುತ್ತದೆ. ಆ ರಟ್ಟು ಇದ್ದದ್ದು ಅದಕ್ಕೆ. ನಾಣ್ಯ ಬೇಡ, ನೋಟು ಮಾತ್ರ ಎಂಬ ನಿಯಮವೂ ಅದಕ್ಕೇ. ಪೆಟ್ಟಿಗೆಗೆ ಬೀಳುವ ನಾಣ್ಯದ ಸದ್ದು ಸಾಲಿನಲ್ಲಿ ಹಿಂದೆ ನಿಂತವರ ಕಿವಿಗೆ ಬಿದ್ದೇ ಬೀಳುತ್ತದೆ.

ಯಾರು ಬರುತ್ತಾರೆ ಎಂಬ ಲೆಕ್ಕ ಲಕೋಟೆಯಿಂದಲ್ಲ, ಪೋಷಕರ ಒಪ್ಪಿಗೆ ಪತ್ರದಿಂದ. ಈ ಎರಡನ್ನೂ ಬೇರೆ ಬೇರೆ ದಿನ ತೆಗೆದುಕೊಳ್ಳುತ್ತಿದ್ದರು, ಒಪ್ಪಿಗೆ ಪತ್ರ ಮೊದಲು. ಲಕೋಟೆಗಳನ್ನು ಮುಖ್ಯೋಪಾಧ್ಯಾಯರು ಮತ್ತು ಹಳೆ ವಿದ್ಯಾರ್ಥಿ ಸಂಘದ ಖಜಾಂಚಿ ಒಟ್ಟಿಗೆ ಕೂತು ಒಡೆಯುತ್ತಿದ್ದರು. ಲೆಕ್ಕ ಸರಳ. ಉದಾಹರಣೆಗೆ 50 ಮಕ್ಕಳು, ತಲೆಗೆ 1,200 ರೂಪಾಯಿ, ಒಟ್ಟು 60,000 ಆಗಬೇಕು ಎಂದುಕೊಳ್ಳಿ. ಲಕೋಟೆಗಳಲ್ಲಿ 49,400 ಬಂದರೆ, ಕೊರತೆ ಬಿದ್ದ 10,600 ರೂಪಾಯಿಯನ್ನು ಸಂಘದ ಮಕ್ಕಳ ನಿಧಿ ತುಂಬುತ್ತದೆ. ಯಾವ ಮಗುವಿನ ಹೆಸರಲ್ಲೂ ಸಹಾಯ ಮಂಜೂರಾಗುವುದಿಲ್ಲ. ಹಣ ಹೋಗುವುದು ಬಸ್ಸಿಗೆ.

ಕೊಡಲು ಶಕ್ತಿ ಇರುವವರೂ ಕಡಿಮೆ ಹಾಕಿದರೆ ಎಂದು ಕೇಳುವವರಿದ್ದಾರೆ. ಒಬ್ಬಿಬ್ಬರು ಹಾಕಬಹುದು. ಆದರೆ ‘ಹಣ ತರದವರು ಎದ್ದು ನಿಲ್ಲಿ’ ಎನ್ನುವ ತರಗತಿಯಲ್ಲಿ ಏನಾಗುತ್ತದೆ ಎಂಬುದು ಸರ್ಕಾರಿ ಶಾಲೆಯಲ್ಲಿ ಓದಿದ ಎಲ್ಲರಿಗೂ ಗೊತ್ತು. ಮಗು ‘ನನಗೆ ಬಸ್ಸಿನಲ್ಲಿ ವಾಂತಿ ಬರುತ್ತದೆ, ನಾನು ಬರುವುದಿಲ್ಲ’ ಎನ್ನುತ್ತದೆ, ಮೇಷ್ಟ್ರು ಅದನ್ನು ನಂಬುತ್ತಾರೆ. ಆ ಒಂದು ಸುಳ್ಳನ್ನು ಮಗುವಿನ ಬಾಯಿಂದ ಹೇಳಿಸದೆ ಇರುವುದಕ್ಕೆ ನಾಲ್ಕೈದು ನೂರು ರೂಪಾಯಿ ಹೆಚ್ಚು ಖರ್ಚಾದರೆ ಆಗಲಿ.

ನಿಧಿಯಿಂದ ಯಾವುದಕ್ಕೆಲ್ಲ ಕೊಡಬೇಕು ಎಂಬಲ್ಲೇ ಹೆಚ್ಚಿನ ಸಂಘಗಳು ಎಡವುತ್ತವೆ. ಶುಲ್ಕ ಕಟ್ಟಿಬಿಟ್ಟರೆ ಕೆಲಸ ಮುಗಿಯಿತು ಎನಿಸುತ್ತದೆ. ಯಕ್ಷಗಾನ ತರಗತಿಯನ್ನೇ ನೋಡಿ. ಕರಾವಳಿಯಲ್ಲಿ ಶಾಲೆಗೇ ಗುರುಗಳು ಬಂದು ಹೆಜ್ಜೆ ಹೇಳಿಕೊಡುತ್ತಾರೆ, ಎಷ್ಟೋ ಕಡೆ ಶುಲ್ಕವೇ ಇರುವುದಿಲ್ಲ. ಆದರೂ ಅಕ್ಟೋಬರ್ ಹೊತ್ತಿಗೆ ನಾಲ್ಕು ಮಕ್ಕಳು ಬಿಟ್ಟಿರುತ್ತಾರೆ. ಕಾರಣ ಹುಡುಕಿದರೆ ಕೊನೆಯ ಬಸ್ಸು. ತರಗತಿ ಮುಗಿಯುವುದು ಐದೂವರೆಗೆ, ಒಳದಾರಿಯ ಬಸ್ಸು ಐದು ಗಂಟೆಗೇ ಹೋಗಿರುತ್ತದೆ. ಆಮೇಲೆ ರಿಕ್ಷಾ ಮಾಡಲು ಮನೆಯಲ್ಲಿ ಹಣವಿಲ್ಲ, ನಡೆದು ಬಾ ಎಂದು ಹೆಣ್ಣುಮಕ್ಕಳಿಗೆ ಹೇಳುವ ಧೈರ್ಯವೂ ಇಲ್ಲ. ಹೀಗೆ ಒಂದೇ ದಾರಿಯ ಮೂರ್ನಾಲ್ಕು ಮಕ್ಕಳಿಗೆ ವಾರಕ್ಕೆ ಎರಡು ದಿನ ಒಂದು ರಿಕ್ಷಾ ಗೊತ್ತು ಮಾಡಿ ತಿಂಗಳ ಕೊನೆಗೆ ಸಂಘದಿಂದಲೇ ಬಾಡಿಗೆ ಕೊಟ್ಟರೆ ಬಿಟ್ಟವರು ಮರಳಿ ಬರುತ್ತಾರೆ. ಸಂಜೆಯ ಹಸಿವಿಗೆ ಅವಲಕ್ಕಿ, ಬಾಳೆಹಣ್ಣು ಇರಲಿ. ಖಾಲಿ ಹೊಟ್ಟೆಯಲ್ಲಿ ಧೀಂಗಿಣ (ಗಿರಗಿರನೆ ಸುತ್ತುತ್ತಾ ಹಾರುವ ಕುಣಿತ) ಹಾಕಿಸಬಾರದು. ಕೊನೆಯ ಪ್ರದರ್ಶನಕ್ಕೆ ವೇಷಭೂಷಣದ ಬಾಡಿಗೆ, ಬಣ್ಣ ಬಳಿಯುವವರ ಸಂಭಾವನೆ, ಭಾಗವತರು, ಮದ್ದಳೆ, ಚೆಂಡೆಯವರ ಸಂಭಾವನೆ, ಆ ರಾತ್ರಿ ಮಕ್ಕಳನ್ನು ಮನೆ ಮುಟ್ಟಿಸುವ ಗಾಡಿ, ಇಷ್ಟನ್ನೂ ಜೂನ್ ತಿಂಗಳಲ್ಲೇ ಬರೆದಿಟ್ಟುಕೊಳ್ಳಬೇಕು. ವೇಷಕ್ಕೆ ಇಂತಿಷ್ಟು ಎಂದು ಬಾಡಿಗೆ ಇರುವುದರಿಂದ ಪ್ರಸಂಗ, ಅಂದರೆ ಆಡುವ ಕಥೆ, ಆರಿಸುವಾಗಲೇ ಪಾತ್ರಗಳನ್ನು ಎಣಿಸಿ. ಮಕ್ಕಳ ಸಂಖ್ಯೆ ಹೆಚ್ಚಿದ್ದರೆ ಪಾತ್ರಗಳು ಮೊದಲು ರಂಗಕ್ಕೆ ಬರುವ ಒಡ್ಡೋಲಗಕ್ಕೆ ಒಂದು ತಂಡ, ಯುದ್ಧಕ್ಕೆ ಇನ್ನೊಂದು ತಂಡ ಎಂದು ಅದೇ ವೇಷಗಳನ್ನು ಬದಲಾಯಿಸುವ ಯೋಚನೆ ಬರುತ್ತದೆ. ಅದು ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಆಗದ ಕೆಲಸ. ಕಟ್ಟಿದ ವೇಷ ಬಿಚ್ಚಿ ಇನ್ನೊಬ್ಬರಿಗೆ ಕಟ್ಟಲು ಅರ್ಧ ಗಂಟೆಯೂ ಸಾಲದು.

ಪ್ರತಿಭಾ ಕಾರಂಜಿಯಲ್ಲಿ ಮಗು ಕ್ಲಸ್ಟರ್ ಮಟ್ಟ ಗೆದ್ದಾಗ ಮನೆಯವರಿಗೆ ಆಗುವ ಸಂತೋಷದ ಹಿಂದೆಯೇ ತಾಲೂಕು ಮಟ್ಟದ ಉಡುಪಿನ ಚಿಂತೆ ಇರುತ್ತದೆ. ಛದ್ಮವೇಷ, ಜಾನಪದ ನೃತ್ಯಗಳಿಗೆ ಶಾಲೆಯಲ್ಲೇ ಒಂದು ಕಪಾಟು ಉಡುಪು ಇಟ್ಟುಕೊಳ್ಳುವುದು ಪ್ರತಿ ವರ್ಷ ಬಾಡಿಗೆ ಕೊಡುವುದಕ್ಕಿಂತ ಲೇಸು. ಡ್ರಾಯಿಂಗ್ ಗ್ರೇಡ್ ಪರೀಕ್ಷೆಗೆ ಶುಲ್ಕಕ್ಕಿಂತ ಬಣ್ಣ, ಬ್ರಶ್, ಹಾಳೆಯ ಖರ್ಚೇ ದೊಡ್ಡದು.

ಹಣ ಬರುವ ದಾರಿಗಳಲ್ಲಿ ನಮ್ಮ ಸಂಘಕ್ಕೆ ಅತಿ ನಂಬಿಕೆಯದ್ದು ಹಳೆ ಪೇಪರ್. ಒಂದು ದಿನಪತ್ರಿಕೆ ತರಿಸುವ ಮನೆಯಲ್ಲಿ ತಿಂಗಳಿಗೆ ಸುಮಾರು ಎರಡರಿಂದ ಎರಡೂವರೆ ಕೆ.ಜಿ. ರದ್ದಿ ಸೇರುತ್ತದೆ. ನೂರು ಮನೆಗಳಿಂದ ಆರು ತಿಂಗಳದ್ದು ಒಟ್ಟುಗೂಡಿಸಿದರೆ 1,300 ಕೆ.ಜಿ. ಆಸುಪಾಸು. ಗುಜರಿ ಅಂಗಡಿಯಲ್ಲಿ ಕಿಲೋಗೆ 12 ರೂಪಾಯಿ ಸಿಕ್ಕರೂ 15,600 ರೂಪಾಯಿ ಆಯಿತು. ಕೇಳುವಾಗ ಯಾರಿಗೂ ಮುಜುಗರವಿಲ್ಲ, ಕೊಡುವವರಿಗೆ ಭಾರವಿಲ್ಲ. ಕೆಡುವುದು ಮೂರು ಕಡೆ. ಮೊದಲನೆಯದು ತೇವ. ಮಳೆಗಾಲದಲ್ಲಿ ಸಂಗ್ರಹಿಸಿದರೆ ಪೇಪರ್ ಒದ್ದೆಯಾಗಿ ಅಂಟಿಕೊಳ್ಳುತ್ತದೆ, ಅಂಗಡಿಯವರು ತೂಕದಲ್ಲಿ ಕಡಿತ ಮಾಡುತ್ತಾರೆ. ಹಾಗಾಗಿ ಸಂಗ್ರಹ ಜನವರಿಗೆ ಒಂದು, ಮೇ ಮೊದಲ ವಾರಕ್ಕೆ ಇನ್ನೊಂದು. ಎರಡನೆಯದು ಬೆರಕೆ. ದಿನಪತ್ರಿಕೆಯ ನಡುವೆ ಹೊಳಪು ಹಾಳೆಯ ಮ್ಯಾಗಜೀನ್, ರಟ್ಟು, ಹಾಲಿನ ಪ್ಯಾಕೆಟ್ ಸೇರಿದರೆ ಇಡೀ ರಾಶಿಗೆ ಕಡಿಮೆ ದರ ಹಾಕುತ್ತಾರೆ. ಮನೆಯಿಂದ ತರುವಾಗಲೇ ಮೂರು ಕಟ್ಟು ಮಾಡಬೇಕು: ದಿನಪತ್ರಿಕೆ, ಪುಸ್ತಕ, ರಟ್ಟು. ಮೂರನೆಯದು ತೂಕ. ತೂಕ ನಮ್ಮ ಅಂಗಳದಲ್ಲೇ ಆಗಲಿ. ಸೊಸೈಟಿಯಿಂದ ಒಂದು ದಿನಕ್ಕೆ ತಕ್ಕಡಿ ಕೇಳಿ ತಂದು, ತೂಗಿದ್ದನ್ನು ಒಬ್ಬರು ಕೂಗಿ ಹೇಳಿ ಇಬ್ಬರು ಬೇರೆ ಬೇರೆ ಪುಸ್ತಕದಲ್ಲಿ ಬರೆದುಕೊಂಡರೆ ಆಮೇಲೆ ತಕರಾರಿಲ್ಲ. ದರವನ್ನು ಎರಡು ಅಂಗಡಿಯಲ್ಲಿ ಹಿಂದಿನ ದಿನವೇ ಕೇಳಿರಬೇಕು. ಮಕ್ಕಳು ಎತ್ತುವ ಕಟ್ಟು ಐದು ಕೆ.ಜಿ. ದಾಟಬಾರದು. ಸುತಲಿಯನ್ನು ಅಡ್ಡ ಒಂದು, ಉದ್ದ ಒಂದು ಸುತ್ತಿ ಗಂಟನ್ನು ಮೇಲ್ಭಾಗಕ್ಕೆ ತಂದರೆ ಅದೇ ಹಿಡಿಕೆಯಾಗುತ್ತದೆ. ಒಂದೇ ಸುತ್ತು ಕಟ್ಟಿದರೆ ಟೆಂಪೋಗೆ ಎಸೆಯುವಾಗಲೇ ಬಿಚ್ಚಿಕೊಳ್ಳುತ್ತದೆ.

ಸ್ಕೌಟ್ಸ್ ಗೈಡ್ಸ್ ಮಕ್ಕಳಿಗೆ ‘ಖರಿ ಕಮಾಯಿ’ ಎಂಬ ಪದ್ಧತಿಯೇ ಇದೆ, ಕೆಲಸ ಮಾಡಿ ಸಂಪಾದಿಸುವುದು. ಪೇಪರ್ ಸಂಗ್ರಹ ಅದಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಮಕ್ಕಳನ್ನು ಡಬ್ಬಿ ಹಿಡಿಸಿ ಅಂಗಡಿ ಅಂಗಡಿಗೆ ಕಳಿಸಬೇಡಿ. ದುಡಿಯುವುದು ಬೇರೆ, ಕೈಯೊಡ್ಡುವುದು ಬೇರೆ.

ಜಾತ್ರೆಯ ಸ್ಟಾಲಿನಲ್ಲಿ ಚುರುಮುರಿಗೆ ಸಮವಿಲ್ಲ. ಗ್ಯಾಸ್ ಬೇಡ, ಎಣ್ಣೆ ಬಾಣಲೆಯ ಅಪಾಯವಿಲ್ಲ, ಎಂಟನೇ ತರಗತಿಯವರೂ ಕಲಸಬಲ್ಲರು. ಒಂದು ಕೆ.ಜಿ. ಮಂಡಕ್ಕಿಯಲ್ಲಿ ನಲವತ್ತು ಪೊಟ್ಟಣ ಆಗುತ್ತದೆ, ಪೊಟ್ಟಣಕ್ಕೆ ಸುಮಾರು 25 ಗ್ರಾಂ. ತುರಿದ ಕ್ಯಾರೆಟ್, ಸಣ್ಣಗೆ ಹೆಚ್ಚಿದ ನೀರುಳ್ಳಿ, ಟೊಮೆಟೊ, ಮಾವಿನಕಾಯಿ, ಹುರಿದ ಕಡಲೆಬೀಜ, ಖಾರದ ಪುಡಿ, ಉಪ್ಪು, ಮೇಲೆ ತೆಂಗಿನೆಣ್ಣೆ. ತಪ್ಪಾಗುವುದು ಅವಸರದಲ್ಲಿ. ಜನ ಸೇರಿದ್ದಾರೆಂದು ಒಮ್ಮೆಗೇ ದೊಡ್ಡ ಪಾತ್ರೆಯಲ್ಲಿ ಕಲಸಿದರೆ ಟೊಮೆಟೊ ನೀರು ಬಿಟ್ಟು ಐದು ನಿಮಿಷದಲ್ಲಿ ಮಂಡಕ್ಕಿ ಮೆತ್ತಗಾಗುತ್ತದೆ. ಒಂದು ಸಲಕ್ಕೆ ನಾಲ್ಕು ಪೊಟ್ಟಣದಷ್ಟು ಮಾತ್ರ ಕಲಸಿ. ಟೊಮೆಟೊ ಹೆಚ್ಚಿದ ಮೇಲೆ ಜಾಲರಿಯಲ್ಲಿ ಇಟ್ಟು ನೀರಿಳಿಸಿ. ಮಂಡಕ್ಕಿ ಚೀಲದ ಬಾಯಿ ತೆರೆದಿಡಬೇಡಿ, ಕರಾವಳಿಯ ಗಾಳಿಗೆ ಅದು ಗರಿ ಕಳೆದುಕೊಳ್ಳುತ್ತದೆ. ಕಲಸುವವರು ಹಣ ಮುಟ್ಟಬಾರದು, ಹಣ ತೆಗೆದುಕೊಳ್ಳುವವರು ಕಲಸಬಾರದು. ಎಣ್ಣೆಯಲ್ಲಿ ಕರಿಯುವ ಗೋಳಿಬಜೆ ಮಾಡಿದರೆ ಲಾಭ ಹೆಚ್ಚೇನೋ ಹೌದು, ಆದರೆ ಅದಕ್ಕೆ ಕೈ ಪಳಗಿದ ದೊಡ್ಡವರು ಬಾಣಲೆಯ ಮುಂದೆ ಕಡೆತನಕ ನಿಲ್ಲಬೇಕು.

ಸಹಾಯಾರ್ಥ ಯಕ್ಷಗಾನ ದೊಡ್ಡ ಮೊತ್ತ ತರುತ್ತದೆ, ದೊಡ್ಡ ನಷ್ಟವನ್ನೂ ತರಬಲ್ಲದು. ಮೇಳಗಳ, ಅಂದರೆ ಯಕ್ಷಗಾನ ತಂಡಗಳ, ತಿರುಗಾಟ ಮೇ ಕೊನೆಯಲ್ಲಿ ಬರುವ ತುಳುನಾಡಿನ ಪತ್ತನಾಜೆಯ ದಿನಕ್ಕೆ ಮುಗಿಯುತ್ತದೆ, ಮಾರ್ಚ್‌ನಲ್ಲಿ ಪರೀಕ್ಷೆ, ಆಮೇಲೆ ರಜೆ. ಹೀಗಾಗಿ ನಮಗೆ ಒದಗುವುದು ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಶನಿವಾರಗಳು ಮಾತ್ರ, ಅವನ್ನು ಎಲ್ಲರೂ ಕೇಳುತ್ತಿರುತ್ತಾರೆ. ಮೇಳಕ್ಕೆ ಕೊಡುವ ಹಣ (ವೀಳ್ಯ), ರಂಗಸ್ಥಳ, ಶಾಮಿಯಾನ, ಧ್ವನಿವರ್ಧಕ, ಜನರೇಟರ್, ಕಲಾವಿದರ ಊಟ, ಇಷ್ಟೂ ಖರ್ಚು ಆಟದ ದಿನಕ್ಕೆ ಮುಂಚೆಯೇ ಪಾಸ್ ಮತ್ತು ಜಾಹೀರಾತಿನಿಂದ ಬಂದಿರಬೇಕು. ಆ ರಾತ್ರಿ ಗೇಟಿನಲ್ಲಿ ಬರುವ ಹಣವನ್ನು ನಂಬಿ ಆಟ ಒಪ್ಪಬೇಡಿ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕಕ್ಕೆ ನಿರ್ಬಂಧ ಇರುವುದರಿಂದ ರಾತ್ರಿಯಿಡೀ ಆಡದೆ ಬೇಗ ಮುಗಿಸುವ ಕಾಲಮಿತಿ ಪ್ರದರ್ಶನ ಲೇಸು. ಮಕ್ಕಳೂ ಕೂತು ನೋಡಬಹುದು.

ಊರಿನಲ್ಲಿ ವೇಷ ಹಾಕಿ ಹಣ ಕೂಡಿಸುವ ರೂಢಿಯೂ ಇದೆ. ಉಡುಪಿಯ ಕೃಷ್ಣಾಷ್ಟಮಿಯಲ್ಲಿ ರವಿ ಕಟಪಾಡಿಯವರು ಪ್ರತಿ ಸಲ ಹೊಸ ವೇಷ ಧರಿಸಿ ಮಕ್ಕಳ ಚಿಕಿತ್ಸೆಗೆ ಲಕ್ಷಾಂತರ ರೂಪಾಯಿ ಸಂಗ್ರಹಿಸಿಕೊಟ್ಟದ್ದನ್ನು ನಾಡೇ ಬಲ್ಲದು. ಕೂಲಿ ಕೆಲಸ ಮಾಡುವ ಒಬ್ಬ ಮನುಷ್ಯನಿಂದ ಇಷ್ಟಾಗುವುದಾದರೆ, ಒಂದು ಶಾಲೆಯ ಹಳೆ ವಿದ್ಯಾರ್ಥಿಗಳೆಲ್ಲ ಸೇರಿದರೆ ಏನಾಗಲಿಕ್ಕಿಲ್ಲ! ಟಿಕೆಟ್ ಮಾರಿ ಬಹುಮಾನ ಎತ್ತುವ ಲಕ್ಕಿ ಡ್ರಾ ಮಾತ್ರ ಬೇಡ. ಕರ್ನಾಟಕದಲ್ಲಿ 2007ರಿಂದ ಲಾಟರಿಗೆ ನಿಷೇಧವಿದೆ. ಶಾಲೆಯ ಹೆಸರಿನಲ್ಲಿ ಅಂಥದ್ದಕ್ಕೆ ಕೈ ಹಾಕಬಾರದು.

ಲೆಕ್ಕದ ಮಾತು. ಖಾತೆ ಸಂಘದ ಹೆಸರಲ್ಲಿರಬೇಕು, ಇಬ್ಬರ ಸಹಿ ಇರಬೇಕು. ಅವಸರಕ್ಕೆಂದು ಖಜಾಂಚಿಯ ಸ್ವಂತ ಫೋನಿನ ಕ್ಯೂಆರ್ ಕೋಡ್ ಅಂಟಿಸಿದರೆ ಅವರ ಮನೆಯ ಹಾಲಿನ ಹಣವೂ ಶಾಲೆಯ ಹಣವೂ ಒಂದಾಗುತ್ತದೆ, ವರ್ಷದ ಕೊನೆಗೆ ಪ್ರಾಮಾಣಿಕ ಮನುಷ್ಯನೂ ಉತ್ತರ ಕೊಡಲಾರದೆ ನಿಲ್ಲುತ್ತಾನೆ. ರಶೀದಿ ಪುಸ್ತಕಗಳಿಗೆ ಕ್ರಮಸಂಖ್ಯೆ ಹಾಕಿಸಿ, ಯಾರಿಗೆ ಯಾವ ಸಂಖ್ಯೆಯಿಂದ ಯಾವ ಸಂಖ್ಯೆವರೆಗೆ ಕೊಟ್ಟಿದ್ದೆಂದು ಸಹಿ ಪಡೆದು, ಖಾಲಿ ಪುಸ್ತಕವನ್ನೂ ಮರಳಿ ಪಡೆಯಬೇಕು. ಸಂಗ್ರಹವಾದ ನಗದಿನಿಂದ ಅಲ್ಲೇ ಖರ್ಚು ಮಾಡಬಾರದು. ಮೊದಲು ಬ್ಯಾಂಕಿಗೆ, ಆಮೇಲೆ ಚೆಕ್. ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡಿಸುವ ನೋಂದಣಿ (80ಜಿ ಎಂದು ಕರೆಯುವುದು) ಸಂಘಕ್ಕೆ ಇದ್ದರೂ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಕೊಡುವವರಿಗೆ ಅದನ್ನು ಮೊದಲೇ ಹೇಳಿ.

ಗಲ್ಫ್‌ನಲ್ಲಿರುವ ನಮ್ಮವರು ಕೇಳುತ್ತಿರುತ್ತಾರೆ, ನಾವು ಕಳಿಸಬಹುದೇ ಎಂದು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಬಹುದು, ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಕಳಿಸಿದವರ ಪಾಸ್‌ಪೋರ್ಟ್ ಪ್ರತಿಯೊಂದನ್ನು ಫೈಲಿನಲ್ಲಿ ಇಟ್ಟುಕೊಳ್ಳಿ. ಬೇರೆ ದೇಶದ ಪೌರತ್ವ ಪಡೆದವರು, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಆ ಲೆಕ್ಕಕ್ಕೆ ಬರುವುದಿಲ್ಲ. ಅವರಿಂದ ಪಡೆಯಲು ವಿದೇಶಿ ದೇಣಿಗೆಯ ಕಾಯ್ದೆಯಡಿ (ಎಫ್‌ಸಿಆರ್‌ಎ) ನೋಂದಣಿ ಮತ್ತು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಪ್ರತ್ಯೇಕ ಖಾತೆ ಬೇಕು. ಸಣ್ಣ ಸಂಘಕ್ಕೆ ಅದು ಎಟುಕುವ ಮಾತಲ್ಲ. ಅಂಥ ಗೆಳೆಯರು ಊರಿಗೆ ಬಂದಾಗ ಒಂದು ವಾರ ಮಕ್ಕಳಿಗೆ ಪಾಠ ಮಾಡಲಿ, ಚೆಸ್ ಆಡಿಸಲಿ.

ಪ್ರವಾಸದ ಬಸ್ಸಿನ ಬಗ್ಗೆ ಒಂದು ಎಚ್ಚರ. ಕೆಎಸ್‌ಆರ್‌ಟಿಸಿಯಲ್ಲಿ ಬಾಡಿಗೆ ಹಿಡಿದಾಗ ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಎಂಬ ಲೆಕ್ಕವಿರುತ್ತದೆ, ಡಿಪೋದಿಂದ ಹೊರಟು ಡಿಪೋಗೆ ಮರಳುವ ತನಕ ಓಟ ಎಣಿಕೆಯಾಗುತ್ತದೆ. ಶಾಲೆಯಿಂದ ಶಾಲೆಗೆ ಅಳೆದು ತಲೆಗೆ ಇಂತಿಷ್ಟೆಂದು ಹೇಳಿಬಿಟ್ಟರೆ ಕೊನೆಗೆ ಹಣ ಸಾಲದೆ, ಮಕ್ಕಳಿಂದ ಎರಡನೇ ಸಲ ಕೇಳಬೇಕಾಗುತ್ತದೆ. ಎರಡನೇ ಸಲ ಕೇಳಿದಾಗಲೇ ಹಣವಿಲ್ಲದ ಮಗು ಸಿಕ್ಕಿಬೀಳುವುದು. ಡಿಪೋದಲ್ಲಿ ಬರೆಸಿಕೊಂಡು ಬಂದ ಮೇಲೆಯೇ ಮೊತ್ತ ಹೇಳಿ, ಅದರ ಮೇಲೆ ನೂರಕ್ಕೆ ಹತ್ತು ಸೇರಿಸಿಡಿ.

ಈ ವರ್ಷದ ಲಕೋಟೆಗಳಿಗೆ ರಟ್ಟು ಬೇಕಾಗಿದೆ. ಮೇ ಮೊದಲ ಭಾನುವಾರ ಪೇಪರ್ ತರುವವರು ಹಳೆ ನೋಟ್‌ಬುಕ್ಕಿನ ಹೊದಿಕೆಗಳನ್ನು ಬೇರೆ ಕಟ್ಟಿ ತನ್ನಿ, ಅವನ್ನು ತೂಕಕ್ಕೆ ಹಾಕುವುದಿಲ್ಲ.