ಹಟ್ಟನ್‌ಗೆ ಹೊರಟ ಹಪ್ಪಳದ ಕಟ್ಟು

ನಾನು ಸುಳ್ಯದಿಂದ ಹೊರಡುವ ಹಿಂದಿನ ಸಂಜೆ ಪಕ್ಕದ ಕಾಲೊನಿಯ ಅಮ್ಮ ನಮ್ಮ ಜಗಲಿಗೆ ಬಂದು ಹಲಸಿನ ಹಪ್ಪಳದ ಕಟ್ಟೊಂದನ್ನು ಇಟ್ಟರು. "ಅಕ್ಕನಿಗೆ" ಎಂದರು, ಅಷ್ಟೇ. ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟದಲ್ಲಿ ಟ್ಯಾಪಿಂಗ್ ಮಾಡಿ ನಿವೃತ್ತರಾದವರು ಅವರು. ಅವರ ಕಾಲೊನಿಯವರನ್ನು ನಾವು ಇಂದಿಗೂ 'ಸಿಲೋನಿನವರು' ಎನ್ನುತ್ತೇವೆ. ಆ ಹೆಸರನ್ನು ಆ ದೇಶವೇ 1972ರಲ್ಲಿ ಬಿಟ್ಟಾಯಿತು, ನಾವು ಬಿಟ್ಟಿಲ್ಲ.

ಅಕ್ಕ ಇರುವುದು ಶ್ರೀಲಂಕಾದ ಹಟ್ಟನ್ ಬಳಿಯ ಚಹಾ ತೋಟದಲ್ಲಿ. ಅಕ್ಕ ತಂಗಿ ಎದುರುಬದುರು ಕುಳಿತು ಮಾತಾಡಿ ಐವತ್ತು ವರ್ಷ ದಾಟಿದೆ.

ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆಯಷ್ಟೇ ದಾರಿ. ಸುಳ್ಯದಿಂದ ಬೆಂಗಳೂರು ತಲುಪಲು ಅದರ ನಾಲ್ಕರಷ್ಟು ಹೊತ್ತು ಬೇಕಾಗಿತ್ತು. ಕಟುನಾಯಕೆ ನಿಲ್ದಾಣದಲ್ಲಿ ಸುಂಕದ ಅಧಿಕಾರಿ ಕಟ್ಟನ್ನು ಮೂಗಿನ ಹತ್ತಿರ ಹಿಡಿದು "ಪಪಡಮ್?" ಎಂದು ಕೇಳಿ, ನಗದೆಯೇ ವಾಪಸು ಕೊಟ್ಟರು.

ಕ್ಯಾಂಡಿಯಿಂದ ಹಟ್ಟನ್‌ಗೆ ರೈಲು. ಕಾಯ್ದಿರಿಸಿದ ಸೀಟು ಸಿಗದೆ ಮೂರನೇ ದರ್ಜೆಯಲ್ಲಿ ನಿಂತೇ ಹೋದೆ. ಬಾಗಿಲ ತುಂಬ ಎಲ್ಲಾ ಎಂಬ ಊರಿಗೆ ಹೊರಟ ವಿದೇಶಿ ಪ್ರವಾಸಿಗರು, ಹೊರಗೆ ಜೋತುಬಿದ್ದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾವಲಪಿಟಿಯ ಬಂದಾಗ ಪಕ್ಕದಲ್ಲಿದ್ದ ತಮಿಳು ಮೇಷ್ಟ್ರು "ಎಂಜಿಆರ್ ಹುಟ್ಟಿದ ಊರು" ಎಂದು ನನ್ನ ಭುಜ ತಟ್ಟಿದರು. ಅಲ್ಲಿಂದಾಚೆ ಏರು. ಗುಡ್ಡಗಳು ಕ್ಷೌರ ಮಾಡಿಸಿಕೊಂಡಂತೆ ಒಪ್ಪವಾಗಿದ್ದವು, ಎಲ್ಲೆಲ್ಲೂ ಚಹಾ. ಆ ಹಸಿರಿನ ನಡುವೆ ಬೆನ್ನ ಮೇಲೆ ಚೀಲ ಹೊತ್ತ ಹೆಂಗಸರು ಕಂಡ ಕೂಡಲೇ ಮೊಬೈಲುಗಳು ಅತ್ತ ತಿರುಗುತ್ತಿದ್ದವು. ಅವರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಚಹಾ ಪೊಟ್ಟಣದ ಮೇಲಿನ ಹೆಂಗಸು ಮಾತ್ರ ಯಾವಾಗಲೂ ನಗುತ್ತಿರುತ್ತಾಳೆ.

ಇವರ ಹಿರಿಯರನ್ನು ತಮಿಳುನಾಡಿನ ಒಣ ಜಿಲ್ಲೆಗಳಿಂದ ಕಂಗಾಣಿಗಳು, ಅಂದರೆ ಆಳು ಕೂಡಿಸುವ ಮೇಸ್ತ್ರಿಗಳು, ಕರೆತಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಮೊದಲು ಕಾಫಿ ತೋಟಗಳಿಗೆ. ದೋಣಿಯಿಂದ ಮನ್ನಾರ್ ತೀರದಲ್ಲಿ ಇಳಿದು ಮಾತಳೆಯವರೆಗೆ ಕಾಡಿನಲ್ಲಿ ನಡೆದರು, ದಾರಿಯಲ್ಲಿ ಸತ್ತವರ ಲೆಕ್ಕ ಇಟ್ಟವರಿಲ್ಲ. ಎಲೆರೋಗ ಬಂದು ಕಾಫಿ ನಾಶವಾಯಿತು, ಚಹಾ ಬಂತು, ಆಳುಗಳು ಅಲ್ಲೇ ಉಳಿದರು. 1948ರಲ್ಲಿ ಸ್ವತಂತ್ರ ಸಿಲೋನ್ ಪೌರತ್ವದ ಕಾನೂನು ಮಾಡಿ, ತಂದೆ ಈ ನೆಲದಲ್ಲೇ ಹುಟ್ಟಿದನೆಂಬುದಕ್ಕೆ ದಾಖಲೆ ತೋರಿಸಿ ಎಂದಿತು. ತೋಟದ ಕೂಲಿಯ ಕೈಯಲ್ಲಿ ಅಂಥ ಕಾಗದ ಎಲ್ಲಿಂದ ಬರಬೇಕು? ಹೆಚ್ಚಿನವರು ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರ್‌ನಲ್ಲಿ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಒಪ್ಪಂದಕ್ಕೆ ಸಹಿ ಹಾಕಿದರು. ಒಟ್ಟು 9,75,000 ತಲೆಗಳಲ್ಲಿ ಭಾರತಕ್ಕೆ 5,25,000, ಸಿಲೋನಿಗೆ 3,00,000. ಮಿಕ್ಕ ಒಂದೂವರೆ ಲಕ್ಷವನ್ನು 1974ರಲ್ಲಿ ಸಮಪಾಲು ಮಾಡಿದರು. ನಮ್ಮೂರಲ್ಲಿ ಅಣ್ಣತಮ್ಮಂದಿರು ಅಡಿಕೆ ರಾಶಿ ಪಾಲು ಮಾಡುವಾಗಲೂ ಎರಡು ಮಾತು ಆಗುತ್ತದೆ. ಇಲ್ಲಿ ಪಾಲಾಗುತ್ತಿದ್ದವರನ್ನೇ ಕೇಳಿರಲಿಲ್ಲ.

ಹಟ್ಟನ್‌ನಿಂದ ಬಸ್ಸು, ಆಮೇಲೆ ತ್ರೀವೀಲರ್, ಕೊನೆಗೆ ಕಾಲುದಾರಿ. ಸಾಲು ಕೋಣೆಗಳ ಮನೆಗೆ ಅಲ್ಲಿ 'ಲಯಂ' ಎನ್ನುತ್ತಾರೆ. ಬ್ರಿಟಿಷರ ಕಾಲದ್ದು, ಹತ್ತಡಿಗೆ ಹನ್ನೆರಡಡಿಯ ಕೋಣೆ, ತಗಡಿನ ಮಾಡು. ದೂರದ ಇಳಿಜಾರಿನಲ್ಲಿ ಭಾರತ ಸರ್ಕಾರದ ನೆರವಿನಿಂದ ಕಟ್ಟಿದ ಹೊಸ ಮನೆಗಳು ಕಾಣುತ್ತಿದ್ದವು. ಅಕ್ಕನ ಸರದಿ ಇನ್ನೂ ಬಂದಿಲ್ಲ.

ಅಕ್ಕ ನನ್ನನ್ನು "ತಂಬಿ" ಎಂದು ಕರೆದು ಮಣೆ ಹಾಕಿದರು. ಕಾಲೊನಿಯ ಮಕ್ಕಳ ಜೊತೆ ಆಡುತ್ತ ಕಲಿತ ನನ್ನ ಅರೆಬರೆ ತಮಿಳು ಅಂದು ಕೆಲಸಕ್ಕೆ ಬಂತು.

"ಅಪ್ಪ ಇಂಡಿಯಾ ಎಂದು ಬರೆಸಿದರು, ನನ್ನ ಮಾವ ಸಿಲೋನ್ ಎಂದು ಬರೆಸಿದರು. ನನಗೆ ಆಗಲೇ ಮದುವೆಯಾಗಿತ್ತಲ್ಲ" ಎಂದರು. ತಂಗಿಯನ್ನು ಕಳಿಸಲು ಹಟ್ಟನ್ ನಿಲ್ದಾಣಕ್ಕೆ ಹೋಗಿದ್ದರಂತೆ. ತಲೈಮನ್ನಾರ್ ಹಡಗಿಗೆ ಜನರನ್ನು ಒಯ್ಯುತ್ತಿದ್ದ ರೈಲಿಗೆ ಅಲ್ಲಿನವರು 'ಅಳುಗೈ ಕೋಚ್ಚಿ' ಎಂದು ಹೆಸರಿಟ್ಟಿದ್ದರು, ಅಳುವ ರೈಲು. "ಅವಳು ಅಳಲಿಲ್ಲ. ಹಡಗು ನೋಡುವ ಖುಷಿ ಅವಳಿಗೆ" ಎಂದು ಅಕ್ಕ ನಕ್ಕರು.

ಊರವರಿಗೆ ಸುಳ್ಯದ ತಂಗಿ ಸಿಲೋನಿನವಳು. ಅಲ್ಲಿ ಉಳಿದವರಿಗೆ ಪೌರತ್ವ ಕೊಟ್ಟ 2003ರ ಕಾನೂನಿನ ಹೊತ್ತಿಗೆ ಅಕ್ಕನಿಗೆ ಮೊಮ್ಮಕ್ಕಳಿದ್ದರು, ಆದರೂ 2012ರ ಜನಗಣತಿಯ ಪಟ್ಟಿಯಲ್ಲಿ ಅವರದು 'ಇಂಡಿಯನ್ ತಮಿಳರ' ಕಲಮೇ ಆಗಿತ್ತು. ಅದನ್ನು ಹೇಳಿದಾಗ ಅವರು ಬೇಸರ ಪಡಲಿಲ್ಲ. "ನಾವು ಮಲೈಯಗದವರು" ಎಂದು ತಿದ್ದಿದರು. ಮಲೈಯಗ ಎಂದರೆ ಮಲೆನಾಡು ತಾನೇ, ನನಗೆ ಸುಲಭವಾಗಿ ಅರ್ಥವಾಯಿತು.

ಲಯದೊಳಗೆ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಬೆಳಗ್ಗೆ ಹಾಜರಿ ಕರೆಯುವ ಪೆರಟ್ಟುಕಳಕ್ಕೆ ಹೋಗಿ ಸುಳ್ಯಕ್ಕೆ ವಿಡಿಯೊ ಕರೆ ಮಾಡಿದೆವು. ತೆರೆಯಲ್ಲಿ ತಂಗಿ ಬಂದವರೇ "ಅಕ್ಕಾ, ಎಂಚ ಉಲ್ಲರ್?" ಎಂದುಬಿಟ್ಟರು. ಅಕ್ಕ ನನ್ನ ಮುಖ ನೋಡಿದರು. ಅದು ತುಳು, ಹೇಗಿದ್ದೀರಿ ಎಂದು ಕೇಳುತ್ತಿದ್ದಾರೆ ಎಂದೆ. "ತಮಿಳು ಮರೆತಳಾ?" ಎಂದು ಅಕ್ಕ ಗದರಿದರು. ಆಮೇಲೆ ಇಬ್ಬರೂ ಮಾತಾಡಿದ್ದು ಮಂಡಿನೋವಿನ ಬಗ್ಗೆ, ಮಾತ್ರೆಗಳ ಬಗ್ಗೆ, ಜಿಗಣೆಗಳ ಬಗ್ಗೆ. ಜಿಗಣೆ ಮಾತ್ರ ಎರಡೂ ದೇಶಗಳಲ್ಲಿ ಒಂದೇ.

ರಾತ್ರಿ ಹಪ್ಪಳ ಕರಿದರು. ಹಾಲಿಲ್ಲದ ಕಡು 'ತೇತ್ತಣ್ಣಿ', ಕಚ್ಚಿಕೊಳ್ಳಲು ಬೆಲ್ಲದ ತುಂಡು. ನಾನು ಹೊರಡುವಾಗ ಚಹಾಪುಡಿಯ ಪೊಟ್ಟಣ ಕೊಟ್ಟು, "ಹಾಲು ಹಾಕಿ ಕೆಡಿಸಬೇಡ ಎಂದು ಅವಳಿಗೆ ಹೇಳು ತಂಬಿ" ಎಂದರು.

ಸುಳ್ಯಕ್ಕೆ ಬಂದು ಪೊಟ್ಟಣ ಒಪ್ಪಿಸಿದೆ. ಅಮ್ಮ ಅದರ ಬಾಯಿ ಬಿಚ್ಚಿ ಬಹಳ ಹೊತ್ತು ಮೂಸಿದರು, ಆಮೇಲೆ ಒಳಗೆ ಹೋದರು. ಹಾಲಿನ ವಿಷಯ ನೆನಪಾಗಿ ನಾನು ಅಡುಗೆಮನೆಯ ಬಾಗಿಲಿಗೆ ಹೋಗುವಷ್ಟರಲ್ಲಿ ಅವರು ಪಾತ್ರೆಗೆ ಅರ್ಧ ಲೀಟರ್ ಹಾಲು ಸುರಿದಾಗಿತ್ತು.